ಮೂರನೇ ಇಂಚಿನ ಖಾಲಿ ಜಾಗ

“ಸೋಮವಾರ ಹನ್ನೊಂದರ ಸುಮಾರಿಗೆ ನೀ ಯಲಬುರ್ಗಾಕ್ಕ ಹೋಗಿದ್ದೇನು ತಮ್ಮಾ?”

ಶೇಖರಮ್ಮ ಕೇಳಿದ್ದು ಮೆಲ್ಲಗೇ. ಆದರೂ ಕಂಪ್ಯೂಟರಿನ ಮುಂದೆ ಕೂತಿದ್ದ ಬಸವಕುಮಾರನ ಬೆರಳುಗಳು ಕೀಬೋರ್ಡಿನ ಮೇಲೆ ಹಾಗೇ ನಿಂತವು.

ತಾನು ಎಲ್ಲಿಗೂ ಹೋಗಿರಲಿಲ್ಲ ಎಂದ ಅವನು. ಸೋಮವಾರ ಬೆಳಗ್ಗೆ ಒಂಬತ್ತಕ್ಕೆ ಈ ಕೋಣೆಗೆ ಬಂದವನು ಎದ್ದದ್ದು ಸಂಜೆ ಆರಕ್ಕೆ. ಬುತ್ತಿ ಉಂಡದ್ದೂ ಇಲ್ಲೇ.

ಬಾಗಿಲಿಗೆ ಒರಗಿ ನಿಂತಿದ್ದ ಈಶಪ್ಪ ಅದಕ್ಕೆ ತಾನೇ ಸಾಕ್ಷಿ ಎಂದ. ಕಾಣೆಯಾದ ಅಕ್ಕನ ಮಗಳ ಸುದ್ದಿ ಏನಾದರೂ ಸಿಕ್ಕಿತೇ ಎಂದು ಕೇಳಲು ಸೋಮವಾರ ಸರಿಯಾಗಿ ಹನ್ನೊಂದಕ್ಕೆ ಅವನು ಇಲ್ಲಿಗೆ ಬಂದಿದ್ದ. ಆಗ ಬಸವಕುಮಾರ ಇದೇ ಕುರ್ಚಿಯಲ್ಲಿದ್ದ.

“ಹಂಗಾದ್ರ ಈ ಕಾಗದ ಸುಳ್ಳು ಹೇಳಾಕತ್ತೈತಿ,” ಎಂದರು ಶೇಖರಮ್ಮ.

ಅವರು ಚೀಲದಿಂದ ತೆಗೆದು ಮೇಜಿನ ಮೇಲಿಟ್ಟದ್ದು ಒಂದೇ ಹಾಳೆ. ಚೆಂದದ ಗೆರೆ ಎಳೆದ ಪಟ್ಟಿ, ಐದು ಕಾಲಂ. ಎರಡು ದಿನದಿಂದ ಕುಷ್ಟಗಿಯಲ್ಲಿ ಈ ಹಾಳೆಯನ್ನು ನೋಡದವರಿರಲಿಲ್ಲ. ಬೆಳ್ಳಿತೆನೆ ಸೀಡ್ಸ್ ಎಂಬ ಈ ಬೀಜದ ಕಂಪನಿಯ ಲ್ಯಾಬಿನಲ್ಲಿ ಮೊಳಕೆ ಪರೀಕ್ಷೆ ಮಾಡುತ್ತಿದ್ದ ಮಲ್ಲೇಶ್ವರಿ ಶನಿವಾರ ಸಂಜೆಯಿಂದ ಕಾಣೆಯಾಗಿದ್ದಳು. ಸೋಮವಾರ ಬೆಳಗ್ಗೆ ಅವಳು ಗಂಗಾವತಿ ಡಿಪೋದಲ್ಲಿ ಕೂತು ಕಂಪನಿಯ ಕಂಪ್ಯೂಟರ್ ಬಳಸಿದ್ದಾಳೆಂದು ಈ ಹಾಳೆ ಹೇಳಿತ್ತು. ಅದನ್ನು ನಂಬಿ ಪೊಲೀಸರು ಗಂಗಾವತಿಯ ಬಸ್‌ಸ್ಟ್ಯಾಂಡು, ಲಾಡ್ಜುಗಳನ್ನು ಹುಡುಕುತ್ತಿದ್ದರು. ಇಪ್ಪತ್ತಮೂರರ ಹುಡುಗಿ, ಮೂಲ ಬೀಜದ ಪೊಟ್ಟಣ ಕದ್ದು ಯಾರ ಜೊತೆಗೋ ಓಡಿಹೋಗಿದ್ದಾಳೆ ಎಂಬ ಮಾತು ಊರಲ್ಲಿ ಹಬ್ಬಿಯಾಗಿತ್ತು.

ಇಂದು ಬುಧವಾರ. ಬೆಳಗಿನ ಹನ್ನೊಂದಕ್ಕೆ ಇಪ್ಪತ್ತು ನಿಮಿಷವಿತ್ತು.

ಶೇಖರಮ್ಮನಿಗೆ ಐವತ್ತೈದು. ಇಪ್ಪತ್ತೆಂಟು ವರ್ಷದಿಂದ ಕುಷ್ಟಗಿಯಲ್ಲಿ ಟೈಪಿಂಗ್ ಕ್ಲಾಸು ನಡೆಸುತ್ತಿದ್ದ ಅವರನ್ನು ಊರೆಲ್ಲ ಅಕ್ಕೋರು ಎನ್ನುತ್ತಿತ್ತು. ಒಂದು ಆಸ್ತಿಪತ್ರದಲ್ಲಿ ಬೇರೆ ಮಷೀನಿನಲ್ಲಿ ಬಡಿದು ಸೇರಿಸಿದ ಸಾಲನ್ನು ಅವರು ಕೋರ್ಟಿನಲ್ಲಿ ಹಿಡಿದುಕೊಟ್ಟ ಮೇಲೆ, ಕಾಗದದಲ್ಲಿ ಏನೇ ಗೋಜಲಾದರೂ ಜನ ಅವರ ಮನೆಯ ಕಟ್ಟೆಗೆ ಬಂದು ಕೂರುವುದು ರೂಢಿಯಾಗಿತ್ತು. ಮಲ್ಲೇಶ್ವರಿ ಅವರಲ್ಲಿ ಎರಡು ವರ್ಷ ಕಲಿತವಳು. ಈಗ ಕಂಪನಿಯ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದ ಬಸವಕುಮಾರನೂ ಅಷ್ಟೇ.

ನಿನ್ನೆ ಬೆಳಗ್ಗೆ ಅವರ ಮನೆಗೆ ಬಂದವನು ಈಶಪ್ಪ, ಮಲ್ಲೇಶ್ವರಿಯ ಸೋದರಮಾವ. ಕಂಪನಿಗಾಗಿ ಸುತ್ತಲಿನ ಹಳ್ಳಿಗಳಲ್ಲಿ ರೈತರಿಂದ ಸಜ್ಜೆ ಬೀಜ ಬೆಳೆಸುವ ಏಜೆಂಟ್ ಅವನೇ. ಅಕ್ಕನ ಮಗಳಿಗೆ ಇಲ್ಲಿ ಕೆಲಸ ಕೊಡಿಸಿದವನೂ ಅವನೇ. ಮೂರು ದಿನದಿಂದ ನಿದ್ದೆಯಿಲ್ಲದೆ ಅವನ ಕಣ್ಣು ಕೆಂಪಗಾಗಿದ್ದವು. ಹೇಗಾದರೂ ಮಾಡಿ ಹುಡುಗಿಯನ್ನು ಹುಡುಕಿಕೊಡಿ ಎಂದು ಅವನು ಕಾಲು ಹಿಡಿಯಲು ಬಗ್ಗಿದಾಗ ಶೇಖರಮ್ಮ ಅವನ ಭುಜ ಹಿಡಿದು ಎಬ್ಬಿಸಿದ್ದರು.

ಗಂಗಾವತಿಯ ಮಾತನ್ನು ಅವರು ಮೊದಲಿನಿಂದಲೂ ನಂಬಿರಲಿಲ್ಲ. ಕಾರಣ ಲ್ಯಾಬಿನ ಬಾಗಿಲಲ್ಲೇ ಇತ್ತು. ಒಳಗೆ ಹೋಗುವವರು ತಮ್ಮ ಚಪ್ಪಲಿ ಬಿಟ್ಟು ಕಂಪನಿಯ ರಬ್ಬರ್ ಚಪ್ಪಲಿ ಹಾಕಿಕೊಳ್ಳಬೇಕು. ಮಲ್ಲೇಶ್ವರಿಯ ಚಪ್ಪಲಿ, ಎಡಗಾಲಿನದಕ್ಕೆ ಕಪ್ಪು ದಾರದ ಹೊಲಿಗೆ ಹಾಕಿದ್ದು, ಇಂದಿಗೂ ಕಟ್ಟಿಗೆಯ ಸ್ಟ್ಯಾಂಡಿನ ಕೆಳಸಾಲಿನಲ್ಲಿತ್ತು. ಅವಳ ತಾಯಿ ಕಳಕಮ್ಮ ಅದನ್ನು ತೋರಿಸಿ ಒಂದೇ ಮಾತು ಹೇಳಿದ್ದಳು. ಕಾಲಿಗೆ ರಬ್ಬರ್ ಚಪ್ಪಲಿ ಹಾಕಿಕೊಂಡು ಯಾವ ಹುಡುಗಿ ಊರು ಬಿಟ್ಟು ಓಡಿಹೋಗುತ್ತಾಳೆ?

ನಿನ್ನೆ ಇಡೀ ದಿನ ಶೇಖರಮ್ಮ ಆ ಹಾಳೆಯನ್ನು ಎದುರಿಗಿಟ್ಟುಕೊಂಡು ಕೂತಿದ್ದರು. ಮಲ್ಲೇಶ್ವರಿಯ ಸಾಲಿನಲ್ಲಿ ಏನೂ ಸಿಗಲಿಲ್ಲ. ಸಿಕ್ಕಿದ್ದು ಅದರ ಮುಂದಿನ ಸಾಲಿನಲ್ಲಿ. ಸೋಮವಾರ, ಹನ್ನೊಂದು ಗಂಟೆ ಐದು ನಿಮಿಷ, ಬಸವಕುಮಾರ, ಕೂತ ಜಾಗ ಯಲಬುರ್ಗಾ. ಆದರೆ ಈ ಹುಡುಗ ಕುಷ್ಟಗಿ ಬಿಟ್ಟು ಕದಲಿರಲಿಲ್ಲ.

“ಈ ಪಟ್ಟಿ ಮಾಡಿದಾವ ನೀನ. ನಿನ್ನ ಸಾಲು ತಪ್ಪೈತಿ ಅಂದ್ರ, ಅಕಿ ಸಾಲು ಖರೇ ಅಂತ ಹೆಂಗ ನಂಬೂಣು?”

ಬಸವಕುಮಾರ ಹಾಳೆ ನೋಡಿದ. ಆಮೇಲೆ ಈಶಪ್ಪನ ಕಡೆ ನೋಡಿದ. ಗೊತ್ತಾಗಲಿಲ್ಲ, ಎಲ್ಲೋ ಕೈತಪ್ಪಾಗಿರಬೇಕು ಎಂದು ತೊದಲಿದ.

ಅಸಲು ಪಟ್ಟಿ ಕೊಡು ಎಂದರು ಶೇಖರಮ್ಮ. ಈ ಗೆರೆ ಎಳೆದ ಹಾಳೆಯನ್ನು ಅವನು ಬೇರೆ ಕಂಪ್ಯೂಟರಿನಲ್ಲಿ ಮಾಡಿದ್ದೆಂದು ಅವರಿಗೆ ಗೊತ್ತಿತ್ತು. ಇದರ ಮೂಲ ಈ ಕೋಣೆಯ ದೊಡ್ಡ ಮಷೀನಿನಲ್ಲಿತ್ತು. ಕಪ್ಪು ತೆರೆ, ಬಿಳಿ ಅಕ್ಷರ, ಚಿತ್ರವಿಲ್ಲ, ಗೆರೆಯಿಲ್ಲ. ಒಂದು ಆಜ್ಞೆ ಟೈಪ್ ಮಾಡಿದರೆ ಸಾಲು ಸಾಲಾಗಿ ಅಕ್ಷರ ಉಗುಳುವ ಮಷೀನು. ಗಂಗಾವತಿ, ಯಲಬುರ್ಗಾ, ಕನಕಗಿರಿಯ ಡಿಪೋಗಳು ಟೆಲಿಫೋನ್ ಲೈನಿನ ಮೂಲಕ ಇದಕ್ಕೇ ಸೇರುತ್ತಿದ್ದವು. ಯಾವ ವಾರ, ಎಷ್ಟು ಹೊತ್ತಿಗೆ, ಯಾರು, ಎಲ್ಲಿ ಕೂತು, ಯಾವ ಡಿಪೋದ ಬೀಜದ ದಾಸ್ತಾನು ನೋಡಿದರು ಎಂಬುದನ್ನು ಅದು ತಾನಾಗೇ ಬರೆದಿಡುತ್ತಿತ್ತು.

ಮೂಲ ಪ್ರತಿ ಎಲ್ಲೋ ಹೋಗಿದೆ ಎಂದ ಬಸವಕುಮಾರ. ಶೇಖರಮ್ಮ ಪ್ರಿಂಟರಿನ ಕೆಳಗಿದ್ದ ರದ್ದಿಯ ಡಬ್ಬಿಯನ್ನು ಎಳೆದರು. ಎರಡೂ ಅಂಚಿಗೆ ತೂತಿರುವ ಉದ್ದನೆಯ ಕಾಗದ, ಮಡಿಕೆ ಮಡಿಕೆಯಾಗಿ ಬಿದ್ದಿತ್ತು. ನಾಲ್ಕನೇ ಮಡಿಕೆಯಲ್ಲಿ ಸೋಮವಾರದ ತಾರೀಖು ಸಿಕ್ಕಿತು.

ರಿಬ್ಬನ್ ಸವೆದು ಅಕ್ಷರ ಮಸುಕಾಗಿದ್ದವು. ಶೇಖರಮ್ಮ ಕನ್ನಡಕ ಸರಿಮಾಡಿಕೊಂಡು ಕಿಟಕಿಯ ಬೆಳಕಿಗೆ ಹೋದರು. ಚೀಲದಿಂದ ಸ್ಟೀಲಿನ ಸ್ಕೇಲು ತೆಗೆದು ಸಾಲಿನ ಕೆಳಗಿಟ್ಟರು.

“ಸ್ಕೇಲ್ ಯಾಕ್ರಿ ಅಕ್ಕೋರ?” ಈಶಪ್ಪ ಹತ್ತಿರ ಬಂದ.

ಈ ಪ್ರಿಂಟರ್ ಟೈಪ್‌ರೈಟರಿನಂತೆಯೇ ಬಡಿಯುತ್ತದೆ ಎಂದು ಅವರು ಅವನಿಗೆ ತಿಳಿಹೇಳಿದರು. ಅಕ್ಷರ ಯಾವುದೇ ಇರಲಿ, ಒಂದೇ ಅಗಲ. ಇಂಚಿಗೆ ಹತ್ತು ಹೊಡೆತ, ಹೆಚ್ಚಿಲ್ಲ, ಕಡಿಮೆಯಿಲ್ಲ. ಹಾಗಾಗಿ ಪ್ರತಿ ಕಾಲಮ್ಮಿಗೂ ಇಂತಿಷ್ಟನೇ ಹೊಡೆತದಿಂದ ಶುರು ಎಂದು ಜಾಗ ಗೊತ್ತಿರುತ್ತದೆ. ಎಡಕ್ಕೆ ವಾರ, ವೇಳೆ. ಆಮೇಲೆ ಹೆಸರು, ಅದಕ್ಕೆ ಇಂಗ್ಲಿಷಿನ ಎಂಟೇ ಅಕ್ಷರದ ಜಾಗ, ಉಳಿದದ್ದು ಕತ್ತರಿಸಿಹೋಗುತ್ತದೆ. ಅದಕ್ಕೇ ಬಸವಕುಮಾರ ಅಲ್ಲಿ ಬರೀ ‘ಬಸವಕು’. ಸರಿಯಾಗಿ ಮೂರು ಇಂಚಿಗೆ ಕೂತ ಜಾಗ. ನಾಲ್ಕು ಇಂಚಿಗೆ, ನೋಡಿದ ಡಿಪೋ.

ಮೊದಲು ಕನಕಗಿರಿಯ ಗುಮಾಸ್ತನ ಸಾಲು ಅಳೆದರು. ಮೂರು ಇಂಚಿನ ಗೆರೆಗೆ ಕನಕಗಿರಿ, ನಾಲ್ಕಕ್ಕೆ ಗಂಗಾವತಿ. ಅಂದರೆ ಕನಕಗಿರಿಯಲ್ಲಿ ಕೂತು ಗಂಗಾವತಿಯ ದಾಸ್ತಾನು ನೋಡಿದ್ದ. ಸರಿ.

ಆಮೇಲೆ ಬಸವಕುಮಾರನ ಸಾಲು. ಮೂರು ಇಂಚಿನ ಗೆರೆಯ ಮೇಲೆ ಏನೂ ಇರಲಿಲ್ಲ. ಬರೀ ಕಾಗದ. ಯಲಬುರ್ಗಾ ನಿಂತದ್ದು ನಾಲ್ಕರ ಮೇಲೆ.

ಶೇಖರಮ್ಮ ಸ್ಕೇಲನ್ನು ಮಲ್ಲೇಶ್ವರಿಯ ಸಾಲಿಗೆ ಸರಿಸಹೋದರು. ಸ್ಕೇಲು ಜಾರಿ ನೆಲಕ್ಕೆ ಬಿತ್ತು. ಈಶಪ್ಪ ಎತ್ತಿಕೊಟ್ಟ. ಸೋಮವಾರ, ಹತ್ತು ಗಂಟೆ ನಲವತ್ತೆರಡು ನಿಮಿಷ, ‘ಮಲ್ಲೇಶ್ವ’. ಮೂರನೇ ಇಂಚು ಖಾಲಿ. ಗಂಗಾವತಿಯ ಗುರುತು ನಾಲ್ಕನೇ ಇಂಚಿನಲ್ಲಿತ್ತು.

“ಅಕಿ ಗಂಗಾವತಿಯೊಳಗ ಇರಲೇ ಇಲ್ಲ,” ಎಂದರು ಶೇಖರಮ್ಮ. “ಗಂಗಾವತಿ ದಾಸ್ತಾನು ನೋಡ್ಯಾಳ, ಅಷ್ಟ.”

ಅವರು ಬಸವಕುಮಾರನ ಎದುರಿಗೆ ಸ್ಟೂಲ್ ಎಳೆದುಕೊಂಡು ಕೂತರು. ಪಟ್ಟಿಯನ್ನು ಐದು ಕಾಲಮ್ಮಿಗೆ ಹೇಗೆ ಒಡೆದೆ ಎಂದು ಕೇಳಿದರು.

ಅವನು ತಲೆ ಎತ್ತಲಿಲ್ಲ. ಸಾಲುಗಳನ್ನು ಆ ಕಂಪ್ಯೂಟರಿಗೆ ಹಾಕಿ, ಎಲ್ಲಿ ಸಂದು ಕಾಣುತ್ತದೋ ಅಲ್ಲಿ ಕತ್ತರಿಸು ಎಂದೆ ಎಂದ. ಸಂದು ಎಷ್ಟು ದೊಡ್ಡದು ಎಂದು ಅದು ಅಳೆಯುವುದಿಲ್ಲ. ಎರಡು ಅಕ್ಷರದಷ್ಟಿದ್ದರೂ ಒಂದು ಸಂದು, ಹದಿನೇಳು ಅಕ್ಷರದಷ್ಟಿದ್ದರೂ ಒಂದೇ ಸಂದು. ನಡುವಿನ ಕಾಲಂ ಖಾಲಿಯಿದ್ದರೆ ಬಲಗಡೆಯದು ಸರಿದು ಬಂದು ಆ ಜಾಗದಲ್ಲಿ ಕೂತುಬಿಡುತ್ತದೆ. ಅದಕ್ಕೇ ಅವರಿಬ್ಬರ ಸಾಲಿನ ಕೊನೆಯ ಮನೆ ಖಾಲಿ ಉಳಿದಿತ್ತು. ಅವರು ಯಾವ ಡಿಪೋವನ್ನೂ ನೋಡಿಲ್ಲವೆಂದು ಎಲ್ಲರೂ ತಿಳಿದಿದ್ದರು.

“ಟ್ಯಾಬ್ ಹಾಕೂದು ನಿನಗ ಕಲಿಸಿದಾಕಿ ನಾನು,” ಎಂದರು ಶೇಖರಮ್ಮ. “ಖಾಲಿ ಬಿಟ್ಟ ಜಾಗನೂ ಒಂದು ಹೊಡೆತನ ಅಂತ ಎಷ್ಟು ಸಲ ಹೇಳೀನಿ ನಿನಗ?”

“ತಪ್ಪಾತ್ರಿ ಅಕ್ಕೋರ.”

ಅವನು ಇಷ್ಟು ಬೇಗ ಒಪ್ಪಿಕೊಂಡದ್ದು ಶೇಖರಮ್ಮನ ಮನಸ್ಸಿಗೆ ಎಲ್ಲೋ ಚುಚ್ಚಿತು. ಕ್ಲಾಸಿನಲ್ಲಿ ಒಂದು ಹೊಡೆತ ಆಚೀಚೆಯಾದರೆ ಇಡೀ ಹಾಳೆ ಹರಿದು ಮತ್ತೆ ಕೂರುತ್ತಿದ್ದ ಹುಡುಗ ಇವನು. ಆದರೆ ಯೋಚಿಸಲು ಈಶಪ್ಪ ಬಿಡಲಿಲ್ಲ. ಹಾಗಾದರೆ ಕೂತ ಜಾಗ ಖಾಲಿ ಎಂದರೆ ಅರ್ಥವೇನು ಎಂದು ಒತ್ತಿ ಕೇಳಿದ. ಅವಳು ಎಲ್ಲೂ ಕೂತಿರಲಿಲ್ಲವೇ?

ಶೇಖರಮ್ಮ ಬಸವಕುಮಾರನ ಎಲ್ಲ ಸಾಲುಗಳ ಮೇಲೆ ಬೆರಳು ಆಡಿಸಿದರು. ಸೋಮವಾರ ಆರು ಸಾಲು. ಆರರಲ್ಲೂ ಮೂರನೇ ಇಂಚು ಖಾಲಿ. ಆರು ಸಲವೂ ಅವನು ಕೂತಿದ್ದು ಇದೇ ಕುರ್ಚಿಯಲ್ಲಿ.

ಟೆಲಿಫೋನ್ ಲೈನಿನಿಂದ ಬಂದವರಿಗಷ್ಟೇ ಮಷೀನು ಊರು ಬರೆಯುತ್ತಿತ್ತು. ಅದಕ್ಕೇ ನೇರ ಜೋಡಿಸಿದ ಕೀಬೋರ್ಡಿನಿಂದ ಬಂದವರಿಗೆ ಬರೆಯಲು ಯಾವ ಊರಿದೆ?

ಸೋಮವಾರ ಹತ್ತು ನಲವತ್ತೆರಡಕ್ಕೆ ಮಲ್ಲೇಶ್ವರಿ ಈ ಕಂಪೌಂಡಿನೊಳಗೇ ಇದ್ದಳು. ಕಾಣೆಯಾಗಿ ಎರಡು ದಿನವಾದ ಮೇಲೆ. ಪೊಲೀಸರು ಹತ್ತಾರು ಹರದಾರಿ ಆಚೆ ಹುಡುಕುವಾಗ.

“ಈಗಿಂದು ತಗಿ,” ಎಂದರು. “ಇವತ್ತಿನ ತನಕದ ಪಟ್ಟಿ.”

ಬಸವಕುಮಾರ ಕರೆಂಟು ಹೋಗುವ ಹೊತ್ತಾಯಿತು ಎಂದ. ಮ್ಯಾನೇಜರನ್ನು ಕೇಳಬೇಕು ಎಂದ. ಕೊನೆಗೆ, ಅಕ್ಕೋರ ಒಂದೀಟು ಹೊರಗೆ ಬನ್ನಿ, ನಿಮ್ಮೊಬ್ಬರ ಕೂಡ ಮಾತಾಡುವುದಿದೆ ಎಂದ.

“ಏನಿದ್ರೂ ಇಲ್ಲೇ ಹೇಳೋ,” ಎಂದ ಈಶಪ್ಪ. ದನಿಯಲ್ಲಿ ಗದರಿಕೆ ಇರಲಿಲ್ಲ, ಬೇಡುವಂತಿತ್ತು. “ಕಾಣಲಾರದಾಕಿ ನಮ್ಮಕ್ಕನ ಮಗಳು. ನನ್ನ ಮುಂದ ಮುಚ್ಚೂದೇನೈತಿ?”

ಶೇಖರಮ್ಮನಿಗೂ ಅದೇ ಸರಿ ಎನ್ನಿಸಿತು. ಈ ಹುಡುಗ ಏನನ್ನೋ ಬಚ್ಚಿಡುತ್ತಿದ್ದಾನೆ ಎಂಬುದರಲ್ಲಿ ಅವರಿಗೀಗ ಅನುಮಾನ ಉಳಿದಿರಲಿಲ್ಲ. ಅವನನ್ನು ಕುರ್ಚಿಯಿಂದ ಎಬ್ಬಿಸಿ ತಾವೇ ಕೂತರು. ತೆರೆಯ ಕೆಳಗೆ ಅಂಟಿಸಿದ್ದ ಚೀಟಿಯಲ್ಲಿ ದಿನನಿತ್ಯದ ಆಜ್ಞೆಗಳೆಲ್ಲ ಅವನ ಕೈಬರಹದಲ್ಲೇ ಇದ್ದವು. ನಾಲ್ಕನೆಯದು ಈ ಪಟ್ಟಿಯದು. ಅವರ ಹತ್ತೂ ಬೆರಳು ಒಮ್ಮೆ ಓಡಿ ನಿಂತವು.

ಬಿಳಿ ಅಕ್ಷರದ ಸಾಲುಗಳು ಸರಸರ ಮೇಲೇರಿದವು. ಕೊನೆಯ ಇಪ್ಪತ್ತು ಸಾಲು ತೆರೆಯ ಮೇಲೆ ಉಳಿದವು. ಶೇಖರಮ್ಮ ಗಾಜಿಗೇ ಸ್ಕೇಲನ್ನು ನಿಲ್ಲಿಸಿ ಮೇಲಿನಿಂದ ಕೆಳಗೆ ನೋಡಿದರು.

ಮಂಗಳವಾರ ಹತ್ತು ಮೂವತ್ತೆಂಟು, ಮಲ್ಲೇಶ್ವ, ಖಾಲಿ, ಗಂಗಾವತಿ.

ಎಲ್ಲಕ್ಕಿಂತ ಕೆಳಗೆ: ಬುಧವಾರ ಹತ್ತು ನಲವತ್ತನಾಲ್ಕು, ಮಲ್ಲೇಶ್ವ, ಖಾಲಿ, ಗಂಗಾವತಿ.

ಗೋಡೆಯ ಗಡಿಯಾರ ಹನ್ನೊಂದು ಹತ್ತು ತೋರಿಸುತ್ತಿತ್ತು. ಇಪ್ಪತ್ತಾರು ನಿಮಿಷದ ಹಿಂದೆ. ಇವರು ಮೂವರೂ ಇದೇ ಕೋಣೆಯಲ್ಲಿ ಮಾತಾಡುತ್ತಾ ನಿಂತಿದ್ದರು. ಈ ಕೀಬೋರ್ಡಿನ ಮುಂದೆ ಬಸವಕುಮಾರ ಕೂತಿದ್ದ.

“ಜೀವಂತ ಅದಾಳ,” ಎಂದರು ಶೇಖರಮ್ಮ. ದನಿ ಅವರಿಗೇ ಕೇಳಿಸದಷ್ಟು ಸಣ್ಣಗಿತ್ತು.

ಈಶಪ್ಪ ಕಣ್ಣು ಮುಚ್ಚಿ ಎರಡೂ ಕೈ ಜೋಡಿಸಿದ. ಒಂದು ಗಳಿಗೆ ಹಾಗೇ ನಿಂತು, ಕಣ್ಣು ತೆರೆದು ಕೇಳಿದ: “ಗಂಗಾವತಿ ದಾಸ್ತಾನಿನಾಗ ಏನೇನ ನೋಡ್ಯಾಳ್ರಿ ಅಕಿ? ಅದೂ ಬರದಿರತೈತೇನು?”

ಅದು ಈ ಪಟ್ಟಿಯಲ್ಲಿ ಬರುವುದಿಲ್ಲ ಎಂದು ಶೇಖರಮ್ಮ ಹೇಳಿದರು. ಅವರ ಗಮನ ಆಗಲೇ ಬೇರೆ ಕಡೆಗಿತ್ತು. ಈ ಮಷೀನಿಗೆ ಇನ್ನೊಂದು ಕೀಬೋರ್ಡು ಇರಲೇಬೇಕು. ಅವರು ಕುರ್ಚಿ ಹಿಂದಕ್ಕೆ ತಳ್ಳಿ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಮೊಣಕಾಲೂರಿ ಮಷೀನಿನ ಹಿಂಬದಿಗೆ ಬಗ್ಗಿದರು.

ಕರೆಂಟಿನ ವೈರು. ಪ್ರಿಂಟರಿನದು. ಟೆಲಿಫೋನಿನವು ಮೂರು. ಅವುಗಳ ಕೆಳಗೆ ಧೂಳು ಹಿಡಿದ ದಪ್ಪನೆಯ ಬೂದು ವೈರೊಂದು ಗೋಡೆಯ ಬುಡದಲ್ಲೇ ಹರಿದು, ಕಿಟಕಿಯ ಚೌಕಟ್ಟಿನ ತೂತಿನಿಂದ ಹೊರಗೆ ಹೋಗಿತ್ತು. ಉದ್ದಕ್ಕೂ ಧೂಳಿತ್ತು, ಆದರೆ ಮಷೀನಿಗೆ ಸಿಕ್ಕಿಸಿದ ತುದಿಯ ಬಳಿ ಇರಲಿಲ್ಲ. ಅಲ್ಲಿ ಯಾರದೋ ಬೆರಳು ಈಚೆಗೆ ಆಡಿತ್ತು.

“ಅದು ಹಳೇ ವೈರ್ರಿ ಅಕ್ಕೋರ. ಎಲ್ಲಿಗೂ ಹೋಗಂಗಿಲ್ಲ ಅದು,” ಎಂದ ಬಸವಕುಮಾರ. ಅವನ ತುಟಿಯ ಮೇಲೆ ಬೆವರು ಕಟ್ಟಿತ್ತು.

ಶೇಖರಮ್ಮ ಎದ್ದು ಹೊರಗೆ ನಡೆದರು.

ಹೊರಗೆ ಮೇ ತಿಂಗಳ ಕೊನೆಯ ಬಿಸಿಲು. ಬಿತ್ತನೆಯ ಮಿರಗ, ಅಂದರೆ ಮೃಗಶಿರಾ ಮಳೆ, ಕೂಡಲು ಹನ್ನೆರಡು ದಿನವಷ್ಟೇ ಉಳಿದಿದ್ದರಿಂದ ಕಂಪನಿಯಲ್ಲಿ ಕೈಬಿಡುವಿರಲಿಲ್ಲ. ಷೆಡ್ಡಿನಲ್ಲಿ ಬೀಜ ಜರಡಿ ಹಿಡಿಯುವ ಮಷೀನು ಗಡಗಡ ಓಡುತ್ತಿತ್ತು; ಗುಲಾಬಿ ಔಷಧಿ ಹಚ್ಚಿದ ಸಜ್ಜೆ ಬೀಜ ಚೀಲಕ್ಕೆ ಸುರಿಯುತ್ತಿತ್ತು. ಚೀಲ ಹೊಲಿಯುತ್ತಿದ್ದ ಹೆಂಗಸರು ಮೂಗಿಗೆ ಸೆರಗು ಕಟ್ಟಿಕೊಂಡಿದ್ದರು. ಅದರ ಪಕ್ಕದಲ್ಲಿ ನಿಂತು ಕೂಗಿದರೂ ಕೇಳಿಸದಂಥ ಸದ್ದು.

ವೈರು ಕಿಟಕಿಯಿಂದ ಇಳಿದು ಗೋಡೆಗೆ ಬಡಿದ ಮೊಳೆಗಳ ಮೇಲೆ ಸಾಗಿತ್ತು. ಅಲ್ಲಿಂದ ಬೀಜ ಒಣಗಿಸುವ ಅಂಗಳದ ಅಂಚಿನ ಎರಡು ಕಂಬಕ್ಕೆ ಹಾರಿತ್ತು. ಶೇಖರಮ್ಮ ತಲೆ ಎತ್ತಿಕೊಂಡೇ ನಡೆದರು. ಹಿಂದೆ ಈಶಪ್ಪ, ಅವನ ಹಿಂದೆ ಬಸವಕುಮಾರ.

ಗೇಟಿನ ಬಳಿಯ ಬೇವಿನ ಗಿಡದ ಕೆಳಗೆ ಕಳಕಮ್ಮ ಬೆಳಗಿನಿಂದ ಕೂತಿದ್ದಳು. ಇವರನ್ನು ಕಂಡು ಎದ್ದು ನಿಂತಳು. ಈಶಪ್ಪ ಅಲ್ಲಿಂದಲೇ ಕೈಸನ್ನೆ ಮಾಡಿ ಅಕ್ಕನನ್ನು ಕೂರಿಸಿದ. ಬಿಸಿಲು ಜೋರಿದೆ, ಏನಾದರೂ ಗೊತ್ತಾದರೆ ತಾನೇ ಬಂದು ಹೇಳುವುದಾಗಿ ಕೂಗಿದ. ಕಳಕಮ್ಮನಿಗೆ ಎಷ್ಟು ಕೇಳಿಸಿತೋ, ಅವಳು ಕೂತಳು.

ವೈರು ಮುಗಿದದ್ದು ಕಂಪೌಂಡಿನ ಹಿಂಬದಿಯ ಹಳೇ ತೂಕದ ಕೋಣೆಯಲ್ಲಿ. ಹಿಂದೆ ತೂಕ ಬರೆಯಲು ಅಲ್ಲೂ ಒಂದು ತೆರೆ, ಕೀಬೋರ್ಡು ಇಟ್ಟಿದ್ದರು. ಹೊಸ ತೂಕದ ಯಂತ್ರ ಬಂದ ಮೇಲೆ ಎರಡು ವರ್ಷದಿಂದ ಅದನ್ನು ಯಾರೂ ತೆರೆದಿರಲಿಲ್ಲ. ಮುಂದಿನ ಶಟರಿಗೆ ತುಕ್ಕು ಹಿಡಿದ ಬೀಗ. ಶೇಖರಮ್ಮ ಪಕ್ಕಕ್ಕೆ ಸುತ್ತಿದರು. ಹಳೇ ಚೀಲಗಳ ರಾಶಿಯ ಹಿಂದೆ ಆಳೆತ್ತರದ ತಗಡಿನ ಬಾಗಿಲು. ಅದಕ್ಕೆ ಹೊರಗಿನಿಂದ ಬೀಗವಿರಲಿಲ್ಲ. ದೂಡಿದರು, ಅಲುಗಲಿಲ್ಲ. ಹೊರಕ್ಕೆ ತೆರೆಯುವ ಬಾಗಿಲದು. ಹಿಡಿಕೆ ಎಳೆದರು, ಆಗಲೂ ಬರಲಿಲ್ಲ. ಒಳಗಿನಿಂದ ಅಗಳಿ ಹಾಕಿತ್ತು.

ಒಳಗಿನಿಂದ.

ಒಂದು ಕ್ಷಣ ಅವರು ಗೊಂದಲದಲ್ಲಿ ನಿಂತರು. ಯಾರೋ ಹುಡುಗಿಯನ್ನು ಕೂಡಿಹಾಕಿದ್ದಾರೆ ಎಂದುಕೊಂಡು ಬಂದಿದ್ದರು. ಕೂಡಿಹಾಕಿದವರು ಅಗಳಿಯನ್ನು ಒಳಗೆ ಹಾಕುವುದಿಲ್ಲ.

ಈಶಪ್ಪ ಬಸವಕುಮಾರನಿಗೆ ಮ್ಯಾನೇಜರನ್ನು ಕರೆದುಕೊಂಡು ಬಾ ಎಂದ. ಬಸವಕುಮಾರ ಕದಲಲಿಲ್ಲ. ಶೇಖರಮ್ಮನ ಮುಖವನ್ನೇ ನೋಡುತ್ತಿದ್ದ. ಏನನ್ನೋ ಹೇಳಲು ಬಾಯಿ ತೆರೆದ. ಹೋಗು, ಬೇಗ ಹೋಗು ಎಂದು ಶೇಖರಮ್ಮನೂ ಹೇಳಿದರು. ಅವನು ಹಿಂದಕ್ಕೆ ಎರಡು ಹೆಜ್ಜೆ ಇಟ್ಟು, ತಿರುಗಿ ಓಡಿದ. ಓಡಿದ್ದು ಆಫೀಸಿನ ಕಡೆಗಲ್ಲ, ಗೇಟಿನ ಕಡೆಗೆ. ಅದು ಶೇಖರಮ್ಮನ ಕಣ್ಣಿಗೆ ಬಿತ್ತು, ಮನಸ್ಸಿಗೆ ಹತ್ತಲಿಲ್ಲ.

ಅವರು ಬಾಗಿಲು ಬಡಿದರು. ಬಾಯಿಯನ್ನು ತಗಡಿನ ಸಂದಿಗೆ ಹತ್ತಿರ ತಂದು ಕೂಗಿದರು.

“ಮಲ್ಲೇಶ್ವರೀ. ನಾನವ್ವಾ, ಶೇಖರಮ್ಮ. ಬಾಗಲಾ ತಗಿ.”

ಒಳಗೆ ಏನೋ ಸರಿದ ಸದ್ದಾಯಿತು. ಮತ್ತೆ ರಬ್ಬರ್ ಚಪ್ಪಲಿಯ ಹೆಜ್ಜೆ, ಒಂದೊಂದೇ, ಬಾಗಿಲಿನ ಹತ್ತಿರಕ್ಕೆ.

“ಅಕ್ಕೋರ?” ಒಣಗಿದ ಗಂಟಲು, ಆದರೆ ಅದೇ ದನಿ. “ಬಸು ಹೇಳಿ ಕಳಸಿದ್ನೇನ್ರಿ ನಿಮಗ?”

ಶೇಖರಮ್ಮನ ಕಣ್ಣಲ್ಲಿ ನೀರು ತುಂಬಿತು. ಹೌದೆನ್ನಬೇಕೋ ಅಲ್ಲವೆನ್ನಬೇಕೋ ಅವರಿಗೆ ತಿಳಿಯಲಿಲ್ಲ. ಅಷ್ಟರಲ್ಲಿ ಅಗಳಿಯನ್ನು ಎತ್ತುವ ಸದ್ದು ಕೇಳಿಸಿತು. ತುಕ್ಕು ಹಿಡಿದ ಅಗಳಿ, ಕಿರುಗುಡುತ್ತಾ ಸ್ವಲ್ಪ ಸ್ವಲ್ಪವೇ ಸರಿಯುತ್ತಿತ್ತು.

“ನೀವೊಬ್ಬರ ಬಂದೀರಿ, ಹೌದಿಲ್ರಿ ಅಕ್ಕೋರ?” ಎಂದಳು ಮಲ್ಲೇಶ್ವರಿ ಒಳಗಿನಿಂದ. “ಯಾರಿಗೆ ಹೇಳಿದ್ರೂ ಈಶಪ್ಪ ಮಾಂವಗ ಮಾತ್ರ ಹೇಳಬ್ಯಾಡ್ರಿ.”

ಶೇಖರಮ್ಮನ ಬೆನ್ನಿನ ಹಿಂದೆ ನಿಂತಿದ್ದವನು ಈಶಪ್ಪನೊಬ್ಬನೇ.

ಆಗ ಎಲ್ಲವೂ ಒಮ್ಮೆಗೇ ಬಂದು ಎದೆಗೆ ಹೊಡೆಯಿತು. ಒಂದು ಹೊಡೆತ ತಪ್ಪಿದರೆ ಹಾಳೆ ಹರಿಯುವ ಹುಡುಗ ಕಾಲಂ ಒಡೆಯುವುದರಲ್ಲಿ ತಪ್ಪಿರಲಿಲ್ಲ. ಬೇಕೆಂದೇ ಸಂದಿಯಲ್ಲಿ ಕತ್ತರಿಸಿದ್ದ. ಹುಡುಕುವವರೆಲ್ಲ ಗಂಗಾವತಿಗೆ ಹೋಗಲಿ ಎಂದು. ತನ್ನ ಸಾಲೂ ಸರಿದುಹೋಗುತ್ತದೆ ಎಂಬುದೊಂದನ್ನು ಮಾತ್ರ ಅವನು ನೋಡಿರಲಿಲ್ಲ. ಅದನ್ನು ನೋಡಿದವರು ತಾವು. ಸ್ಕೇಲು ಇಟ್ಟು ಅಳೆದು, ವೈರು ಹಿಡಿದು ನಡೆದು, ಈ ಮನುಷ್ಯನನ್ನು ಸೀದಾ ಈ ಬಾಗಿಲಿಗೆ ತಂದು ನಿಲ್ಲಿಸಿದವರೂ ತಾವೇ. ಹುಡುಗಿ ಜೀವಂತ ಇದ್ದಾಳೆ ಎಂದು ಗೊತ್ತಾದ ಗಳಿಗೆಯಲ್ಲೇ ಅವನು ಕೇಳಿದ್ದು ಅವಳು ಏನು ನೋಡಿದಳು ಎಂದು. ಗಂಗಾವತಿಯ ದಾಸ್ತಾನಿನಲ್ಲಿ ಅವನು ಮುಚ್ಚಿಟ್ಟದ್ದೇನೋ ಅವಳ ಕಣ್ಣಿಗೆ ಬಿದ್ದಿರಬೇಕು.

ಅಗಳಿ ಇನ್ನೂ ಸರಿಯುತ್ತಿತ್ತು.

ಶೇಖರಮ್ಮ ತಿರುಗಿ ತಮ್ಮ ಬೆನ್ನನ್ನು ಬಾಗಿಲಿಗೆ ಒತ್ತಿಕೊಟ್ಟರು. ಹಿಮ್ಮಡಿ ಊರಿ, ಎರಡೂ ಅಂಗೈಯನ್ನು ಕಾದ ತಗಡಿಗೆ ಒತ್ತಿ ನಿಂತರು. ಅಂಗೈ ಸುಟ್ಟಿತು.

“ತಗೀಬ್ಯಾಡ,” ಎಂದರು, ಎದುರಿಗಿದ್ದವನ ಮೇಲಿನ ಕಣ್ಣು ತೆಗೆಯದೆ. “ಅಗಳಿ ಹಾಕ್ಕೊ.”

ಈಶಪ್ಪ ಮೂರು ಹೆಜ್ಜೆಯ ಅಂತರದಲ್ಲಿದ್ದ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ. ನಾಲ್ಕು ದಿನದ ದಣಿವೂ ಈಗ ಕಾಣುತ್ತಿರಲಿಲ್ಲ. ಹೆಗಲ ಮೇಲಿನ ಟವೆಲನ್ನು ತೆಗೆದು ನಿಧಾನವಾಗಿ ಬಲಗೈಗೆ ಸುತ್ತಿಕೊಳ್ಳುತ್ತಿದ್ದ. ಆಚೆ ಷೆಡ್ಡಿನಲ್ಲಿ ಜರಡಿ ಮಷೀನು ಗಡಗಡ ಓಡುತ್ತಲೇ ಇತ್ತು.

“ಹುಡುಕಿಕೊಡ್ರಿ ಅಂತ ನಾನ ನಿಮ್ಮ ಮನಿಗೆ ಬಂದಿದ್ದೆ ಅಕ್ಕೋರ,” ಎಂದ. “ಹುಡುಕಿಕೊಟ್ರಿ. ಭಾಳ ಉಪಕಾರ ಆತು. ಈಗ ಸರೀರಿ.”

ಶೇಖರಮ್ಮ ಸರಿಯಲಿಲ್ಲ. ಅವರ ಬೆನ್ನಿಗೆ ಹತ್ತಿದ ತಗಡಿನ ಆಚೆ ಅಗಳಿ ಮತ್ತೊಮ್ಮೆ ಸದ್ದು ಮಾಡಿತು. ಅದು ಹಾಕಿದ ಸದ್ದೋ ತೆಗೆದ ಸದ್ದೋ ಅವರಿಗೆ ತಿಳಿಯಲಿಲ್ಲ.